ಮುದ್ರೆ ಬಿದ್ದ ಅಂಚೆಚೀಟಿಗೆ ಬೆಲೆ ಕಟ್ಟುವವರು

ಜರ್ಮನಿಯ ಬೀಲೆಫೆಲ್ಡ್ ನಗರದಲ್ಲಿ ಬೆಥೆಲ್ ಎಂಬ ದೊಡ್ಡ ಸೇವಾಸಂಸ್ಥೆಯಿದೆ. 1867ರಲ್ಲಿ ಮೂರ್ಛೆರೋಗಿಗಳ ಆರೈಕೆಗೆಂದು ಶುರುವಾದದ್ದು ಈಗ ಆಸ್ಪತ್ರೆ, ಶಾಲೆ, ವಸತಿ, ಕಾರ್ಯಾಗಾರ ಎಲ್ಲವನ್ನೂ ಒಳಗೊಂಡಿದೆ. ಅಲ್ಲಿ 1888ರಿಂದ ನಡೆದುಕೊಂಡು ಬಂದ ಒಂದು ವಿಭಾಗದ ಕೆಲಸ ಹೊರಗಿನವರಿಗೆ ವಿಚಿತ್ರವೆನಿಸಬಹುದು: ಬಳಸಿ ಬಿಟ್ಟ ಅಂಚೆಚೀಟಿಗಳನ್ನು ಕೂಡಿಸುವುದು. ಜನ ತಮ್ಮ ಮನೆಗೆ ಬಂದ ಲಕೋಟೆಗಳಿಂದ ಸ್ಟಾಂಪು ಕತ್ತರಿಸಿ ಕಳಿಸುತ್ತಾರೆ. ಅಂಗವೈಕಲ್ಯವುಳ್ಳ ಸುಮಾರು 125 ಮಂದಿ ಅವನ್ನು ವಿಂಗಡಿಸಿ, ತೂಗಿ, ಕಟ್ಟು ಕಟ್ಟಿ ಮಾರಾಟಕ್ಕೆ ಅಣಿಮಾಡುತ್ತಾರೆ. ಇದೇ ಬಗೆಯ ಸಂಗ್ರಹ ಬ್ರಿಟನ್, ನಾರ್ವೆ, ಜಪಾನ್‌ಗಳಲ್ಲೂ ದಶಕಗಳಿಂದ ನಡೆದಿದೆ. ಅಂಧರ ಸಂಸ್ಥೆಗಳು, ಕುಷ್ಠರೋಗ ನಿವಾರಣೆಯ ಸಂಸ್ಥೆಗಳು, ಪಕ್ಷಿ ಸಂರಕ್ಷಣೆಯವರು, ಹೊರದೇಶಗಳಿಗೆ ವೈದ್ಯರನ್ನು ಕಳಿಸುವವರು ಹೀಗೆ ಹಣ ಎತ್ತಿದ್ದಾರೆ. ಅಂಚೆ ಕಚೇರಿಯ ಕರಿ ಮುದ್ರೆ ಬಿದ್ದ ಮೇಲೆ ಕಾಸಿಗೂ ಬಾರದ ಈ ಕಾಗದದ ಚೂರಿಗೆ ಯಾರು ದುಡ್ಡು ಕೊಡುತ್ತಾರೆ ಎಂದು ಯಾರಾದರೂ ಕೇಳಿಯಾರು. ದುಡ್ಡು ಕೊಡುವವರು ಇದ್ದಾರೆ. ಆದರೆ ಅವರು ಕೊಡುವುದು ಕಾಗದಕ್ಕಲ್ಲ, ಅದರ ಮೇಲೆ ಬಿದ್ದ ದುಡಿಮೆಗೆ. ಈ ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಸ್ಟಾಂಪು ಕೂಡಿಸುವ ದಾನ ಎಲ್ಲಿ ಸಾರ್ಥಕ, ಎಲ್ಲಿ ಬರೀ ಸಮಾಧಾನ ಎಂಬುದನ್ನು ಬೇರ್ಪಡಿಸಬಹುದು.

ಜಗತ್ತಿನ ಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್ ಬ್ರಿಟನ್ನಿನಲ್ಲಿ ಚಲಾವಣೆಗೆ ಬಂದದ್ದು 1840ರ ಮೇ 6ರಂದು. ರೋಲೆಂಡ್ ಹಿಲ್ ಅವರ ಅಂಚೆ ಸುಧಾರಣೆಯ ಫಲ ಅದು. ಅಲ್ಲಿಯವರೆಗೆ ಪತ್ರದ ದುಡ್ಡನ್ನು ಸಾಮಾನ್ಯವಾಗಿ ಪಡೆದವರೇ ತೆರಬೇಕಿತ್ತು. ಇನ್ನು ಮುಂದೆ ಕಳಿಸುವವರು ಮುಂಗಡವಾಗಿ ತೆತ್ತು, ತೆತ್ತದ್ದಕ್ಕೆ ಗುರುತಾಗಿ ಸ್ಟಾಂಪು ಅಂಟಿಸುವುದು ರೂಢಿಯಾಯಿತು. ಬಳಸಿದ ಸ್ಟಾಂಪಿನ ಮೇಲಿನ ಆಸೆ ಹುಟ್ಟಲು ಹೆಚ್ಚು ಕಾಲ ಹಿಡಿಯಲಿಲ್ಲ. 1841ರಲ್ಲೇ ಯುವತಿಯೊಬ್ಬಳು ತನ್ನ ಉಡುಪಿನ ಕೋಣೆಯ ಗೋಡೆಗೆ ಮುದ್ರೆ ಬಿದ್ದ ಸ್ಟಾಂಪುಗಳನ್ನು ಹೊದಿಸಬೇಕೆಂದು, ಸ್ನೇಹಿತರಿಂದ 16,000 ಸಿಕ್ಕಿವೆ, ಉಳಿದವರೂ ನೆರವಾಗಿ ಎಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದಳು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದು ವ್ಯಾಪಾರವೂ ಆಯಿತು. 1856ರಲ್ಲಿ ಸ್ಟಾನ್ಲಿ ಗಿಬನ್ಸ್ ಎಂಬ ಯುವಕ ಪ್ಲಿಮತ್ ಊರಿನಲ್ಲಿ ತಂದೆಯ ಔಷಧಿ ಅಂಗಡಿಯೊಳಗೇ ಸ್ಟಾಂಪು ಮಾರಾಟ ತೆರೆದ. ಅವನ ಹೆಸರಿನ ಸಂಸ್ಥೆ ಇಂದಿಗೂ ಈ ಲೋಕದ ದೊಡ್ಡ ಹೆಸರು. ಸಂಗ್ರಾಹಕರು, ಕ್ಯಾಟಲಾಗುಗಳು, ಆಲ್ಬಮ್ಮುಗಳು ಬಂದ ಮೇಲೆ ಕಸಕ್ಕೆ ಗಿರಾಕಿ ಹುಟ್ಟಿದಂತಾಯಿತು. ಗಿರಾಕಿ ಇದ್ದಲ್ಲಿ ಧರ್ಮಕಾರ್ಯದವರ ಕಣ್ಣು ಬೀಳುವುದು ಸಹಜವೇ. ಹತ್ತು ಲಕ್ಷ ಸ್ಟಾಂಪು ಕೂಡಿಸಿಕೊಟ್ಟರೆ ಯಾರಿಗೋ ಆಶ್ರಯ ಸಿಗುತ್ತದಂತೆ ಎಂಬ ವದಂತಿಗಳೂ 19ನೇ ಶತಮಾನದಲ್ಲೇ ಹಬ್ಬಿದ್ದವು.

ಆ ಹತ್ತು ಲಕ್ಷವನ್ನು ಸ್ವಲ್ಪ ಅಳೆದು ನೋಡೋಣ. ಸಾಧಾರಣ ಅಳತೆಯ ಒಂದು ಸ್ಟಾಂಪನ್ನು ಸುತ್ತ ಒಂದು ಸೆಂಟಿಮೀಟರ್ ಕಾಗದ ಬಿಟ್ಟು ಕತ್ತರಿಸಿದರೆ ಅದರ ತೂಕ ಹೆಚ್ಚುಕಡಿಮೆ 0.2 ಗ್ರಾಂ. ಅಂದರೆ ಒಂದು ಕೆ.ಜಿ.ಗೆ ಸುಮಾರು 5,000 ಸ್ಟಾಂಪು, ಹತ್ತು ಲಕ್ಷವೆಂದರೆ 200 ಕೆ.ಜಿ. ವಿಂಗಡಿಸದ, ಕಾಗದದ ಮೇಲೇ ಇರುವ ಇಂಥ ಸರಕನ್ನು ವ್ಯಾಪಾರದಲ್ಲಿ ಕಿಲೋವೇರ್ ಎನ್ನುತ್ತಾರೆ. ದಿನನಿತ್ಯದ ಸ್ಟಾಂಪುಗಳೇ ತುಂಬಿದ ಬ್ರಿಟನ್ನಿನ ಕಿಲೋವೇರ್‌ಗೆ ಕೆ.ಜಿ.ಗೆ ಕೆಲವು ಪೌಂಡು ಮಾತ್ರ ಸಿಗುತ್ತದೆ. ಐದು ಸಾವಿರ ಲಕೋಟೆ ಕತ್ತರಿಸಿದ್ದಕ್ಕೆ ಒಂದೆರಡು ಊಟದಷ್ಟು ದುಡ್ಡು. ಕತ್ತರಿಸುವುದರಲ್ಲಿ ಎಡವಿದರೆ ಅದೂ ಇಲ್ಲ. ಅಂಚಿನ ಹಲ್ಲುಗಳಲ್ಲಿ ಒಂದು ಹರಿದರೂ ಸಂಗ್ರಾಹಕ ಆ ಸ್ಟಾಂಪನ್ನು ಪಕ್ಕಕ್ಕೆ ಸರಿಸುತ್ತಾನೆ. ಹಲ್ಲು ಉಳಿಯಲೆಂದು ಅಂಗೈ ಅಗಲ ಕಾಗದ ಬಿಟ್ಟರೆ ತೂಕವೆಲ್ಲ ಲಕೋಟೆಯದೇ ಆಗಿ, ಕೊಳ್ಳುವವನು ದರ ಇಳಿಸುತ್ತಾನೆ. ಅದಕ್ಕೇ ಸಂಸ್ಥೆಗಳು ಸುತ್ತ ಅರ್ಧದಿಂದ ಒಂದು ಸೆಂಟಿಮೀಟರ್ ಎಂದು ಅಳತೆ ಹೇಳುವುದು. ನೀರಿನಲ್ಲಿ ನೆನೆಸಿ ಬಿಡಿಸಿ ಕಳಿಸುವ ಉಪಕಾರವೂ ಬೇಡ ಎನ್ನುತ್ತಾರೆ, ಯಾಕೆಂದರೆ ಹಳೆಯ ಗೋಂದಿನ ಸ್ಟಾಂಪು ನೀರಿಗೆ ಬಿಟ್ಟುಕೊಂಡಂತೆ ಈಗಿನ ಸ್ಟಿಕ್ಕರ್ ಮಾದರಿಯವು ಬಿಟ್ಟುಕೊಳ್ಳುವುದಿಲ್ಲ.

ಬೆಲೆ ಏರುವುದು ಇದರ ನಂತರದ ಹಂತದಲ್ಲಿ. ಅದೇ ಮೂಟೆಯನ್ನು ದೇಶವಾರು ಬೇರೆ ಮಾಡಿದರೆ ಒಂದು ದರ. ದಿನಬಳಕೆಯ ಸ್ಟಾಂಪುಗಳಿಂದ ವಿಶೇಷ ಸಂದರ್ಭದವನ್ನು ಆರಿಸಿದರೆ ಇನ್ನೊಂದು. ಹಕ್ಕಿ, ರೈಲು, ಹೂವು, ಕ್ರೀಡೆ ಎಂದು ವಿಷಯವಾರು ಜೋಡಿಸಿದರೆ ಮತ್ತೂ ಮೇಲೆ. ಬ್ರಿಟನ್ನಿನ ಮೆಕಿನ್ ಸ್ಟಾಂಪುಗಳನ್ನೇ ತೆಗೆದುಕೊಳ್ಳಿ. ರಾಣಿ ಎಲಿಜಬೆತ್‌ರ ಪಾರ್ಶ್ವಮುಖವುಳ್ಳ, ಶಿಲ್ಪಿ ಆರ್ನಲ್ಡ್ ಮೆಕಿನ್ ರೂಪಿಸಿದ ಈ ಸರಣಿ 1967ರ ಜೂನ್ 5ರಂದು ಹೊರಬಂತು. ಐದು ದಶಕಗಳಲ್ಲಿ 20,000 ಕೋಟಿಗೂ ಹೆಚ್ಚು ಅಚ್ಚಾಗಿವೆ ಎಂದು ಅಂದಾಜು. ಇದಕ್ಕಿಂತ ಅಗ್ಗದ ಸ್ಟಾಂಪು ಸಿಗುವುದು ಕಷ್ಟ. ಆದರೆ ಮುದ್ರಣಾಲಯ ಬದಲಾದಂತೆ, ಕಾಗದ ಬದಲಾದಂತೆ, ಯಂತ್ರ ಓದಲೆಂದು ಬಳಿದ ಫಾಸ್ಫರ್ ಪಟ್ಟಿ ಎಡಕ್ಕೋ ಬಲಕ್ಕೋ ಸರಿದಂತೆ ಇದರಲ್ಲಿ ನೂರಾರು ಪ್ರಭೇದಗಳಾಗಿವೆ. ಬರಿಗಣ್ಣಿಗೆ ಒಂದೇ ಥರ ಕಾಣುವ ಸಾವಿರ ಸ್ಟಾಂಪುಗಳನ್ನು ನೇರಳಾತೀತ ದೀಪದಡಿ ಹಿಡಿದು, ಹಲ್ಲು ಎಣಿಸಿ, ಅಪರೂಪದ ನಾಲ್ಕನ್ನು ಹೆಕ್ಕುವವರು ಬೇಕು. ಸಂಬಳ ಕೊಟ್ಟು ಇದನ್ನು ಮಾಡಿಸಹೊರಟ ವ್ಯಾಪಾರಿಗೆ ಕೂಲಿಯೇ ಮೈಮೇಲೆ ಬೀಳುತ್ತದೆ. ಹಾಗಾಗಿ ಬಹುಪಾಲು ಕಿಲೋವೇರ್ ವಿಂಗಡಣೆಯಾಗದೆ ಕೈ ಬದಲಾಯಿಸುತ್ತದೆ. ಪುಕ್ಕಟೆಯಾಗಿ, ಪ್ರೀತಿಯಿಂದ, ಬಿಡುವಾಗಿ ಕೂತು ಮಾಡುವ ಕೈಗಳಿದ್ದಲ್ಲಿ ಮಾತ್ರ ಲೆಕ್ಕ ಲಾಭಕ್ಕೆ ತಿರುಗುತ್ತದೆ. ಬ್ರಿಟನ್ನಿನಲ್ಲಿ ಅಂಥ ಕೈಗಳು ಹೆಚ್ಚಾಗಿ ನಿವೃತ್ತರದು, ಜೀವಮಾನವಿಡೀ ಸ್ಟಾಂಪು ಕೂಡಿಸಿ ಕಣ್ಣು ಪಳಗಿದವರದು.

ಬೆಥೆಲ್‌ನಲ್ಲಿ ಲೆಕ್ಕ ಇನ್ನೊಂದು ಮಗ್ಗುಲಿಗೆ ಹೊರಳುತ್ತದೆ. ಅಲ್ಲಿ ದುಡಿಮೆಯೇ ಸೇವೆಯ ಒಂದು ಭಾಗ. 1872ರಲ್ಲಿ ಸಂಸ್ಥೆಯ ಹೊಣೆ ಹೊತ್ತ ಪಾದ್ರಿ ಫ್ರೀಡ್ರಿಕ್ ಫಾನ್ ಬೊಡೆಲ್‌ಶ್ವಿಂಗ್ ಅವರಿಗೆ ಭಿಕ್ಷೆಗಿಂತ ಕೆಲಸ ಮನುಷ್ಯನನ್ನು ಎತ್ತಿ ನಿಲ್ಲಿಸುತ್ತದೆ ಎಂಬ ನಂಬಿಕೆ ಗಾಢವಾಗಿತ್ತು. ಹಳೆ ಬಟ್ಟೆ, ಹಳೆ ಸಾಮಾನು, ಬಳಸಿದ ಸ್ಟಾಂಪು ಹೀಗೆ ಇತರರು ಬಿಸಾಡಿದ್ದನ್ನು ತರಿಸಿ ಅದರ ಮೇಲೆ ಕೆಲಸ ಹುಟ್ಟಿಸುವ ಏರ್ಪಾಟು ಆ ನಂಬಿಕೆಯಿಂದಲೇ ಬೆಳೆಯಿತು. ಸ್ಟಾಂಪಿನ ಕೆಲಸಕ್ಕೆ ಒಂದು ಅಪೂರ್ವ ಗುಣವಿದೆ. ಅದನ್ನು ಎಷ್ಟು ಬೇಕಾದರೂ ಸಣ್ಣ ಹಂತಗಳಾಗಿ ಒಡೆಯಬಹುದು. ಲಕೋಟೆಯಿಂದ ಕತ್ತರಿಸುವುದು ಒಬ್ಬರಿಗೆ, ಬಣ್ಣ ನೋಡಿ ಬೇರೆ ಮಾಡುವುದು ಇನ್ನೊಬ್ಬರಿಗೆ, ದೇಶ ಗುರುತಿಸುವುದು ಮತ್ತೊಬ್ಬರಿಗೆ, ಪ್ರಭೇದ ಹಿಡಿಯುವುದು ಪಳಗಿದವರಿಗೆ. ಭಾರ ಎತ್ತಬೇಕಿಲ್ಲ, ಯಂತ್ರದ ವೇಗಕ್ಕೆ ಓಡಬೇಕಿಲ್ಲ, ಅರ್ಧಕ್ಕೆ ಬಿಟ್ಟು ಎದ್ದುಹೋದರೂ ಏನೂ ಕೆಡುವುದಿಲ್ಲ. ಮೂರ್ಛೆ ಬರುವವರು, ಕಲಿಕೆ ನಿಧಾನವಾದವರು, ಮನಸ್ಸಿನ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ತಮ್ಮ ಪಾಡಿಗೆ, ತಮ್ಮ ಗತಿಯಲ್ಲಿ ಮಾಡಬಲ್ಲ ಕೆಲಸಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಒಂದು ಕೆ.ಜಿ. ಸ್ಟಾಂಪು ಎಷ್ಟು ಯೂರೋ ತಂದಿತು ಎಂಬುದರ ಜೊತೆಗೆ, ಅದು ಎಷ್ಟು ಗಂಟೆಗಳ ಹದವಾದ ಕೆಲಸ ಕೊಟ್ಟಿತು ಎಂಬುದನ್ನೂ ಕೂಡಿಸಿದರೆ ಮಾತ್ರ ಅಲ್ಲಿನ ಮೊತ್ತ ಸರಿಯಾಗುತ್ತದೆ.

ಈ ವಾದವನ್ನು ಮುಂದಕ್ಕೆ ಎಳೆಯುವಾಗ ಒಂದು ಎಚ್ಚರ ಬೇಕು, ಅದನ್ನು ಕಲಿಸುವುದೂ ಬೆಥೆಲ್‌ನ ಚರಿತ್ರೆಯೇ. ದುಡಿಯಬಲ್ಲರು, ಆದ್ದರಿಂದ ಬೆಲೆಯುಳ್ಳವರು ಎಂಬ ಮಾತು ನಾಲಿಗೆಗೆ ಸುಲಭವಾಗಿ ಬರುತ್ತದೆ. ಆದರೆ ಅದರ ಬೆನ್ನಿಗೇ ದುಡಿಯಲಾರದವರಿಗೆ ಬೆಲೆಯಿಲ್ಲ ಎಂಬ ಮಾತು ಕಾದು ನಿಂತಿರುತ್ತದೆ. ನಾಜಿ ಆಡಳಿತದ ಸಂತಾನಹರಣ ಕಾನೂನು 1934ರಲ್ಲಿ ಜಾರಿಗೆ ಬಂದ ಮೇಲೆ ಬೆಥೆಲ್‌ನಲ್ಲಿಯೂ ಸಾವಿರಕ್ಕೂ ಹೆಚ್ಚು ಮಂದಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಲಾಯಿತು. 1940ರಲ್ಲಿ ಸರ್ಕಾರ ರೋಗಿಗಳ ಬಗ್ಗೆ ನಮೂನೆಗಳನ್ನು ಕಳಿಸಿತು. ರೋಗಿ ಯಾವ ಕೆಲಸ ಮಾಡುತ್ತಾನೆ ಎಂಬ ಪ್ರಶ್ನೆ ಅದರಲ್ಲಿತ್ತು, ಆ ಉತ್ತರದ ಮೇಲೆ ಜನರ ಪ್ರಾಣ ತೂಗುತ್ತಿತ್ತು. ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದ ಬೊಡೆಲ್‌ಶ್ವಿಂಗ್‌ರ ಮಗ ಆ ನಮೂನೆಗಳನ್ನು ತುಂಬಲು ಒಪ್ಪಲಿಲ್ಲ. ಆದರೂ ಅಲ್ಲಿದ್ದ ಯಹೂದಿ ರೋಗಿಗಳಲ್ಲಿ ಕೆಲವರನ್ನು ಒಯ್ದು ಕೊಲ್ಲಲಾಯಿತು. ಆದ್ದರಿಂದ ಸ್ಟಾಂಪಿನ ಕೆಲಸವನ್ನು ಹೊಗಳುವಾಗ ನೇರವಾಗಿ ಹೇಳಬೇಕಾದದ್ದು ಇಷ್ಟು: ಕೆಲಸ ಮನುಷ್ಯನಿಗೆ ಸಿಗಬೇಕಾದ ಒಂದು ಹಕ್ಕು. ಅದು ಅವನ ಬೆಲೆಯ ಅಳತೆಗೋಲಲ್ಲ.

ನಾರ್ವೆಯಲ್ಲಿ ಸ್ಟಾಂಪು ಸಂಗ್ರಹ ಕ್ಷಯದ ವಿರುದ್ಧದ ಹೋರಾಟವಾಗಿ ಶುರುವಾಯಿತು. 1928ರಲ್ಲಿ ನೆಸ್‌ಬ್ಯೂಯೆನ್ ಎಂಬ ಸಣ್ಣ ಊರಿನ ಪೋಸ್ಟ್‌ಮಾಸ್ಟರ್ ಡಿಟ್ಲೆಫ್ ಫ್ರಾಂಟ್ಸೆನ್ ಕ್ಷಯಪೀಡಿತ ಮಕ್ಕಳಿಗಾಗಿ ಬಳಸಿದ ಸ್ಟಾಂಪು ಕೂಡಿಸಲು ಮುಂದಾದರು. ಟುಬ್‌ಫ್ರಿಮ್ ಎಂಬ ಹೆಸರಿನ ಆ ಸಂಸ್ಥೆ ಕ್ಷಯ ಹಿಮ್ಮೆಟ್ಟಿದ ಮೇಲೂ ನಿಲ್ಲದೆ, ಅಂಗವೈಕಲ್ಯವುಳ್ಳ ಮಕ್ಕಳ ಕಡೆಗೆ ತಿರುಗಿತು. ದಿನವೂ ಲಕೋಟೆಗಳ ರಾಶಿ ನೋಡುವ ಅಂಚೆಯವರಿಗೇ ಇದು ಹೊಳೆದದ್ದು ಆಶ್ಚರ್ಯವಲ್ಲ. ಅಲ್ಲಿಂದ ಮುಂದೆ ದೇಶದ ಅಂಚೆಯ ಜಾಲವೇ ಸಂಗ್ರಹದ ಜಾಲವಾಗಿ ಒದಗಿತು. ಜಪಾನಿನಲ್ಲಿ ಜೆಒಸಿಎಸ್ ಎಂಬ ಕ್ರೈಸ್ತ ವೈದ್ಯಕೀಯ ಸಂಸ್ಥೆ 1964ರಲ್ಲಿ ಈ ಕೆಲಸಕ್ಕೆ ಕೈಹಾಕಿತು. ಹಿರೋಶಿಮಾದ ಅಣುಬಾಂಬಿನಿಂದ ಬದುಕುಳಿದು, 1962ರಲ್ಲಿ ನೇಪಾಳಕ್ಕೆ ಹೋಗಿ ತಾನ್‌ಸೆನ್‌ನ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಕ್ಷಯರೋಗಿಗಳ ನಡುವೆ ದುಡಿದ, ಮುಂದೆ ಮ್ಯಾಗ್ಸೇಸೆ ಪ್ರಶಸ್ತಿ ಪಡೆದ ಡಾ. ಇವಾಮುರಾ ನೊಬೋರು ಆ ಸಂಸ್ಥೆ ಕಳಿಸಿದ ವೈದ್ಯರು. ಜಪಾನಿನ ಶಾಲೆ, ಕಚೇರಿಗಳಲ್ಲಿ ಸ್ಟಾಂಪಿನ ಡಬ್ಬಿ ಇಟ್ಟವರಿಗೆ ಅದು ಹಿಮಾಲಯದ ತಪ್ಪಲಿನ ಆಸ್ಪತ್ರೆಯ ಜೊತೆಗಿನ ಕೊಂಡಿಯಾಗಿತ್ತು.

ಈಗ ಮುಖ್ಯವಾದ ಆಕ್ಷೇಪಕ್ಕೆ ಬರೋಣ. ಇಷ್ಟೆಲ್ಲ ಕತ್ತರಿಸಿ, ಕೂಡಿಸಿ, ಕಳಿಸುವ ಬದಲು ಸೀದಾ ದುಡ್ಡನ್ನೇ ಕೊಡಬಾರದೇ? ಆಕ್ಷೇಪ ಗಟ್ಟಿಯಾದದ್ದು. ಬ್ರಿಟನ್ನಿನಲ್ಲಿ ಒಂದು ಕೆ.ಜಿ. ಪಾರ್ಸೆಲ್ ಕಳಿಸುವ ಖರ್ಚೇ ಆ ಕೆ.ಜಿ. ಸ್ಟಾಂಪಿನ ಬೆಲೆಯನ್ನು ಮೀರಬಹುದು. ಹಾಗೆ ಮಾಡುವವರು ದಾನ ಮಾಡುತ್ತಿರುವುದು ಅಂಚೆ ಕಂಪನಿಗೇ ಹೊರತು ಅಂಧರಿಗಲ್ಲ. ಆದರೆ ಕ್ರಮ ಬಲ್ಲವರು ಹೀಗೆ ಮಾಡುವುದಿಲ್ಲ. ಧರ್ಮಾರ್ಥ ಅಂಗಡಿ, ಚರ್ಚು, ಗ್ರಂಥಾಲಯ, ಕಚೇರಿಯಲ್ಲಿ ಡಬ್ಬಿ ಇಡುತ್ತಾರೆ. ಹೇಗೂ ಆ ಕಡೆ ಹೋಗುವವರು ಹಾಕಿ ಹೋಗುತ್ತಾರೆ, ಹೇಗೂ ಓಡಾಡುವ ಗಾಡಿಯಲ್ಲಿ ಅದು ಸಾಗುತ್ತದೆ. ಸಾಗಣೆಗೆ ಬೇರೆ ಖರ್ಚು ಹುಟ್ಟಿದ ಕ್ಷಣ ಈ ದಾನ ಸಾಯುತ್ತದೆ. ಇನ್ನು, ದುಡ್ಡು ಕೊಡಬಲ್ಲವರು ಸ್ಟಾಂಪು ಹಾಕಿ ಕೈತೊಳೆದುಕೊಳ್ಳುತ್ತಾರೆ ಎಂಬ ಆರೋಪವೂ ಇದೆ. ಹಾಗೆ ಮಾಡುವವರು ಇರಬಹುದು. ಆದರೆ ಪಿಂಚಣಿಯಲ್ಲಿ ದಿನ ದೂಡುವ ಮುದುಕರಿಗೆ, ಕೈಯಲ್ಲಿ ಕಾಸಿಲ್ಲದ ಶಾಲಾಮಕ್ಕಳಿಗೆ, ಹಾಸಿಗೆ ಹಿಡಿದವರಿಗೆ ಕೊಡುವವರ ಸಾಲಿನಲ್ಲಿ ನಿಲ್ಲುವ ದಾರಿ ಹೆಚ್ಚಿಲ್ಲ. ಸಾಮಾನ್ಯವಾಗಿ ಪಡೆಯುವವರೆಂದೇ ಗುರುತಾದ ಜನ ಇಲ್ಲಿ ಕೊಡುವವರಾಗುತ್ತಾರೆ. ಆ ಅವಕಾಶವನ್ನು ಹಣದ ಲೆಕ್ಕ ಕಾಣಿಸುವುದಿಲ್ಲವಾದರೂ ಅದನ್ನು ಸೊನ್ನೆಯೆಂದು ಬರೆಯುವುದು ಅನ್ಯಾಯ.

ಸಣ್ಣ ಮೊತ್ತ ಎಲ್ಲಿಗೆ ಹೋಗುತ್ತದೆ ಎಂಬುದೂ ಮುಖ್ಯ. ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ ಬಳಸಿದ ಸ್ಟಾಂಪು ಕೂಡಿಸಿದ್ದು ಆಲ್ಬಟ್ರಾಸ್ ಎಂಬ ಮಹಾ ಕಡಲಹಕ್ಕಿಗಾಗಿ. ಮೀನು ಹಿಡಿಯಲು ಮೈಲುಗಟ್ಟಲೆ ಉದ್ದದ ದಾರಕ್ಕೆ ಸಾವಿರಾರು ಗಾಳ ಕಟ್ಟಿ ಬಿಡುವಾಗ, ಗಾಳದ ಎರೆಗೆ ಎರಗಿದ ಹಕ್ಕಿ ಸಿಕ್ಕಿಕೊಂಡು ನೀರೊಳಗೆ ಎಳೆದುಹೋಗಿ ಸಾಯುತ್ತದೆ. ಪರಿಹಾರ ಸರಳ: ಹಡಗಿನ ಹಿಂದೆ ಬಣ್ಣದ ಪಟ್ಟಿಗಳು ಹಾರಾಡುವ ಹಗ್ಗ ಕಟ್ಟಿ ಹಕ್ಕಿಯನ್ನು ಬೆದರಿಸುವುದು, ಗಾಳ ಬೇಗ ಮುಳುಗುವಂತೆ ತೂಕ ಕಟ್ಟುವುದು, ರಾತ್ರಿ ಗಾಳ ಬಿಡುವುದು. ಕಷ್ಟವಿದ್ದದ್ದು ಮೀನುಗಾರರನ್ನು ಒಪ್ಪಿಸುವುದರಲ್ಲಿ. ಅದಕ್ಕೆಂದು 2006ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆಲ್ಬಟ್ರಾಸ್ ಕಾರ್ಯಪಡೆ ಹುಟ್ಟಿತು. ಅದರ ಜನ ಮೀನುಗಾರರ ಹಡಗನ್ನೇ ಹತ್ತಿ ಈ ಉಪಾಯಗಳನ್ನು ಕಲಿಸಿದರು. ಇಂಥ ಹಗ್ಗ ಕಟ್ಟಿದ ಅಲ್ಲಿನ ಟ್ರಾಲ್ ಬಲೆಯ ಮೀನುಗಾರಿಕೆಯಲ್ಲೂ ಆಲ್ಬಟ್ರಾಸ್ ಸಾವು ಕೆಲವೇ ವರ್ಷಗಳಲ್ಲಿ ಶೇ. 99ರಷ್ಟು ಇಳಿಯಿತು. ಇದೆಲ್ಲ ಸ್ಟಾಂಪಿನ ದುಡ್ಡಿನಿಂದಲೇ ಆಯಿತೆಂದರೆ ಸುಳ್ಳಾಗುತ್ತದೆ. ಅದು ಹಲವು ಮೂಲಗಳಲ್ಲಿ ಒಂದು. ಆದರೆ ಒಂದು ಹಗ್ಗ, ಒಂದಿಷ್ಟು ಪಟ್ಟಿ, ಒಬ್ಬ ತಿಳಿದ ಮನುಷ್ಯ ಇಷ್ಟರಿಂದಲೇ ಜೀವ ಉಳಿಯುವ ಕಡೆ ಸಣ್ಣ ಮೊತ್ತಕ್ಕೂ ದೊಡ್ಡ ಕೆಲಸವಿರುತ್ತದೆ.

ಎರಡನೆಯ ಆಕ್ಷೇಪಕ್ಕೆ ಇಷ್ಟು ಧೈರ್ಯದಿಂದ ಉತ್ತರಿಸಲಾಗದು. ಪತ್ರಗಳೇ ಇಲ್ಲವಾಗುತ್ತಿರುವಾಗ ಸ್ಟಾಂಪು ಎಲ್ಲಿಂದ ಬರಬೇಕು? ಡೆನ್ಮಾರ್ಕಿನಲ್ಲಿ 2000ದಲ್ಲಿ ಸುಮಾರು 140 ಕೋಟಿಯಿದ್ದ ಪತ್ರಗಳ ಸಂಖ್ಯೆ 2024ರಲ್ಲಿ 11 ಕೋಟಿಗೆ ಕುಸಿಯಿತು. ಅಲ್ಲಿನ ಅಂಚೆ ಸಂಸ್ಥೆ ಪೋಸ್ಟ್‌ನಾರ್ಡ್ 2025ರ ಕೊನೆಗೆ ಪತ್ರ ಬಟವಾಡೆಯನ್ನೇ ನಿಲ್ಲಿಸಿತು. ಬ್ರಿಟನ್ನಿನಲ್ಲಿ 2022ರಿಂದ ದಿನಬಳಕೆಯ ಸ್ಟಾಂಪಿಗೆ ಬಾರ್‌ಕೋಡ್ ಬಂತು, ಹಳೆಯವು 2023ರ ಜುಲೈ ನಂತರ ಅಮಾನ್ಯವಾದವು. ಮುದ್ರೆ ಅಳಿಸಿ ಮತ್ತೆ ಬಳಸುವ ಮೋಸವನ್ನು ತಡೆಯುವುದೂ ಬಾರ್‌ಕೋಡಿನ ಉದ್ದೇಶಗಳಲ್ಲೊಂದು. ಈ ಮೋಸ ಸ್ಟಾಂಪಿನಷ್ಟೇ ಹಳೆಯದು: ಪೆನ್ನಿ ಬ್ಲ್ಯಾಕ್ ಮೇಲಿನ ಕೆಂಪು ಮುದ್ರೆ ಸುಲಭವಾಗಿ ಅಳಿಯುತ್ತಿದ್ದುದರಿಂದಲೇ 1841ರಲ್ಲಿ ಕೆಂಪು ಸ್ಟಾಂಪು, ಕರಿ ಮುದ್ರೆ ಬಂದದ್ದು, ನಮ್ಮ ಹಳೆಯ ದಂಡಸಂಹಿತೆಯ 263ನೇ ಕಲಮು ಮುದ್ರೆ ಅಳಿಸುವುದನ್ನು ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧವೆಂದು ಹೇಳಿತ್ತು. ಧರ್ಮಕ್ಕೆಂದು ಕೂಡಿಸುವವರು ಮುದ್ರೆ ಬೀಳದೆ ಬಂದ ಸ್ಟಾಂಪುಗಳ ಬಗ್ಗೆ ಎಚ್ಚರವಿಡಬೇಕಾದದ್ದು ಇದಕ್ಕೇ. ಹೊಸ ಲಕೋಟೆಗಳಿಂದ ಬರುವ ಸರಕು ಇಳಿಯುತ್ತಲೇ ಹೋಗುತ್ತದೆ ಎಂದು ಒಪ್ಪಿಕೊಳ್ಳುವುದೇ ಸರಿ. ಇನ್ನೊಂದು ಕಡೆಯಿಂದ ಬೇರೆ ಸರಕು ಬರುತ್ತಿದೆ: ಕಳೆದ ಶತಮಾನದಲ್ಲಿ ಕೂಡಿಸಿದವರು ತೀರಿಹೋಗಿ, ಮಕ್ಕಳಿಗೆ ಬೇಡವಾದ ಆಲ್ಬಮ್ಮುಗಳು. ಅವುಗಳಲ್ಲೂ ಹೆಚ್ಚಿನವು ಸಾಮಾನ್ಯ ಸ್ಟಾಂಪುಗಳೇ, ಒಟ್ಟೊಟ್ಟಿಗೆ ಮಾರುಕಟ್ಟೆಗೆ ಬಂದಷ್ಟೂ ಬೆಲೆ ಇಳಿಯುತ್ತದೆ. ಹೀಗಾಗಿ ವಿಂಗಡಿಸಬಲ್ಲ ಕಣ್ಣಿನ ಅಗತ್ಯ ಮೊದಲಿಗಿಂತ ಹೆಚ್ಚೇ ಆಗಿದೆ.

ನಮ್ಮಲ್ಲಿ ಇಂಥ ಸಂಗ್ರಹ ಆ ಮಟ್ಟದಲ್ಲಿ ಬೇರೂರಲಿಲ್ಲ. ಈಗ ಹೊಸದಾಗಿ ಶುರುಮಾಡುವವರಿಗೆ ದಾರಿಯೂ ಕಡಿದು. ಸ್ಪೀಡ್ ಪೋಸ್ಟಿಗೆ ಕೌಂಟರಿನಲ್ಲಿ ಬಾರ್‌ಕೋಡ್ ಚೀಟಿ ಅಂಟಿಸುತ್ತಾರೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಕೂಡ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು. ಬ್ಯಾಂಕು, ಕಂಪನಿಗಳ ಲಕೋಟೆಗೆ ಫ್ರಾಂಕಿಂಗ್ ಯಂತ್ರದ ಅಚ್ಚು ಬಿದ್ದಿರುತ್ತದೆ. ಸ್ಟಾಂಪು ಅಂಟಿಸಿದ ಲಕೋಟೆ ಎಂದರೆ ಎಲ್ಲೋ ಒಂದು ಮದುವೆಯ ಕರೆಯೋಲೆ, ಸಂಘಸಂಸ್ಥೆಯ ಆಹ್ವಾನ, ಲೇಖಕರ ಪುಸ್ತಕದ ಕಟ್ಟು. ಲಂಡನ್ನಿನಲ್ಲೋ ಜರ್ಮನಿಯಲ್ಲೋ ಟೋಕಿಯೊದಲ್ಲೋ ಇರುವ ಕನ್ನಡಿಗರಿಗೆ ಅಲ್ಲಿನ ಡಬ್ಬಿಗೆ ಊರಿನ ಲಕೋಟೆಯ ಸ್ಟಾಂಪು ಹಾಕುವುದು ಸುಲಭ, ಹೊರದೇಶದ ಸ್ಟಾಂಪಿಗೆ ಅಲ್ಲಿ ಸಾಮಾನ್ಯವಾಗಿ ಸ್ವದೇಶದ್ದಕ್ಕಿಂತ ಒಳ್ಳೆಯ ಬೇಡಿಕೆಯೂ ಇರುತ್ತದೆ. ಹಾಕುವ ಮುನ್ನ ಆ ಸಂಸ್ಥೆ ಈಗಲೂ ಸ್ಟಾಂಪು ತೆಗೆದುಕೊಳ್ಳುತ್ತದೆಯೇ ಎಂದು ಕೇಳಿ ತಿಳಿಯುವುದು ಒಳ್ಳೆಯದು, ಹಲವು ಕಡೆ ನಿಂತಿರುತ್ತದೆ. ಊರಿನಲ್ಲೇ ಇರುವವರ ಬಳಿ ಬೆಲೆಬಾಳುವುದಿದ್ದರೆ ಅದು ಇಂದಿನ ಅಂಚೆಯಲ್ಲಿ ಅಲ್ಲ, ಅಟ್ಟದ ಮೇಲಿನ ಟ್ರಂಕಿನಲ್ಲಿ. ಅಲ್ಲಿ ಮಾತ್ರ ಕತ್ತರಿ ಹಾಕಲೇಬಾರದು. ಮೈಸೂರು ಸಂಸ್ಥಾನಕ್ಕೆ 1889ರವರೆಗೆ ತನ್ನದೇ ಅಂಚೆ ವ್ಯವಸ್ಥೆ ಇತ್ತು, ಅದಕ್ಕೆ ಸ್ವಂತ ಸ್ಟಾಂಪು ಇರಲಿಲ್ಲ. ಆ ಕಾಲದ ಕಾಗದಗಳಲ್ಲಿ ಸಂಗ್ರಾಹಕರು ಹುಡುಕುವುದು ಅಂಚೆಮನೆಯ ಮುದ್ರೆಯನ್ನು. ಅನಂತರದ ಹಳೆಯ ಲಕೋಟೆಗಳಲ್ಲೂ ಸಣ್ಣ ಊರಿನ ಅಂಚೆಮುದ್ರೆ, ತಾರೀಖು, ಸಾಗಿದ ದಾರಿಯ ಗುರುತುಗಳು ಸ್ಟಾಂಪಿಗಿಂತ ಹೆಚ್ಚು ಬಾಳುತ್ತವೆ. ಸ್ಟಾಂಪನ್ನಷ್ಟೇ ಕತ್ತರಿಸಿದರೆ ಉಳಿಯುವುದು ಕೆಲವು ರೂಪಾಯಿ. ಲಕೋಟೆಯನ್ನು ಇಡಿಯಾಗಿ ತಿಳಿದವರೊಬ್ಬರಿಗೆ ತೋರಿಸಿ ಮಾರಿಸಿದರೆ ಅದರ ಹಣವನ್ನು ಯಾವ ಆಸ್ಪತ್ರೆಗೆ, ಯಾವ ಶಾಲೆಗೆ ಬೇಕಾದರೂ ಕೊಡಬಹುದು.